ಎಡಗಡೆಯ ನೆಗ್ಗು

ಡಬ್ ಎಂದು ಸದ್ದಾದಾಗ ತಾನಾಜಿ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಕಪ್ಪಿನ ಬಸಿ ಕೈಯಲ್ಲೇ ಉಳಿಯಿತು, ಚಹಾ ಪೂರ್ತಿ ಪ್ಯಾಂಟಿನ ಮೇಲೆ. ಓಡಿ ಬಂದು ನೋಡಿದರೆ ಅವನ ಮಗ್ಗದ ಮಾಲಕರ ಜಾವಾ ಬೈಕು ಗೋಡೆಗೆ ಒರಗಿತ್ತು. ಪೆಟ್ರೋಲ್ ಟಾಕಿಯ ಬಲಗಡೆ ಅಂಗೈಯಗಲ ನೆಗ್ಗು. ಮಾವನ ಕಾಳಗದ ಟಗರು ಹಗ್ಗ ಹರಿದುಕೊಂಡು, ಎರಡನೆಯ ಸಲ ಗುದ್ದಲು ಹಿಂದೆ ಸರಿಯುತ್ತಿತ್ತು.

ಟಗರು ಸಾಕಿದ ಮನೆಯಲ್ಲಿ ಅಂಗಳದ ಕಡೆ ಕನ್ನಡಿ ಇಡುವುದಿಲ್ಲ. ತನ್ನ ಮುಖವೇ ಕಂಡರೂ ಅದಕ್ಕೆ ವೈರಿ ಬಂದಂತೆ. ಗಡಹಿಂಗ್ಲಜ ಕಡೆಯ ಆ ಹಳ್ಳಿಯಲ್ಲಿ ಇದು ಕೂಸಿಗೂ ಗೊತ್ತು. ಗೊತ್ತಿಲ್ಲದವನು ಇಚಲಕರಂಜಿಯ ಈ ಮಗ್ಗ ನೇಯುವ ಅಳಿಯ ಒಬ್ಬನೇ. ಬೀಗರ ಮುಂದೆ ಮೆರೆಯಬೇಕೆಂದು ಬೆಳ್ಳಿಯಂಥ ಟಾಕಿಯನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದ. ಮುಖವೇನೋ ಕಂಡಿತು.

ಮಾಲಕ ಅಭಯಕುಮಾರ ಆ ಗಾಡಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೋದ ವರ್ಷ ಒಬ್ಬ ನೇಕಾರ ಅದರ ಮೇಲೆ ಒದ್ದೆ ಅಂಗಿ ಹರವಿದ್ದಕ್ಕೆ ಸಂಜೆಯೊಳಗೆ ಗಂಟುಮೂಟೆ ಕಟ್ಟಿದ್ದ. ಈಗ ತಾನಾಜಿಯ ಬಸುರಿ ಹೆಂಡತಿ ತಾರವ್ವ ಎಸ್‌ಟಿ ಬಸ್ಸಿನಲ್ಲಿ ನಿಂತು ಬರುವುದು ಬೇಡವೆಂದು ಮಾಲಕನೇ ಮನಸ್ಸು ಮಾಡಿ ಕೊಟ್ಟಿದ್ದ. ಕೆಲಸ ಅವನದು, ತಾನಾಜಿ ಇರುವ ಖೋಲಿಯೂ ಅವನದೇ. ಹೊರಗೆ ಹಾಕಿದರೆ ಬಸುರಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

"ನಾಳಿ ಮುಂಜಾನಿ ಗಾಡಿ ಕೊಡಬೇಕ್ರಿ ಮಾವಾರ. ಸತ್ತೆ ನಾನು."

ಮಾವ ಧೋಂಡಿಬಾ ಟಗರನ್ನು ಕಟ್ಟಿ ಬಂದು ನೆಗ್ಗನ್ನು ಬೆರಳಿನಿಂದ ತಡವಿದ. "ಸಾಯಬ್ಯಾಡ್ರಿ. ಒಳಗಿಂದ ದಬ್ಬಿದ್ರ ಬರತೈತಿ. ಹುರಳಿ ತುಂಬೂನು."

ಟಗರಿಗೆ ಇಟ್ಟ ಹುರಳಿ ಚೀಲ ಹೊರಗೆ ಬಂತು. ಪೆಟ್ರೋಲನ್ನು ಡಬ್ಬಿಗೆ ಬಸಿದರು, ಟಾಕಿ ಬಿಚ್ಚಿದರು, ಕತ್ತಿನವರೆಗೆ ಹುರಳಿ ಸುರಿದು ಬಿಸಿನೀರು ಹೊಯ್ದರು. ಕೆಳಗಿನ ತೂತಿಗೆ ಬೂಚು ಬಡಿದು, ಬಾಯಿಗೆ ಕಟ್ಟಿಗೆಯ ಬೆಣೆ ಜಡಿದು, ಕುರಿ ಕಟ್ಟುವ ಹಗ್ಗದಿಂದ ಬಿಗಿದರು. ಆಮೇಲೆ ಹುರಳಿ ನೆನೆದು ಉಬ್ಬುವುದನ್ನು ಕಾಯುವುದಷ್ಟೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಟಾಕಿ ಕಟಕಟ ಅನ್ನತೊಡಗಿತು. ಒಂದೊಂದು ಸದ್ದಿಗೂ ತಾನಾಜಿ ಬಗ್ಗಿ ನೆಗ್ಗನ್ನು ನೋಡುತ್ತಿದ್ದ. ಕೊನೆಗೆ ಟಪ್ ಎಂದು ನೆಗ್ಗು ಹೊರಗೆ ಬಂತು. ಬಲಗಡೆ ಮತ್ತೆ ನುಣ್ಣಗಾಯಿತು. ಅವನು ನಗಬೇಕು ಅನ್ನುವಷ್ಟರಲ್ಲಿ ಟಾಕಿಯ ಬೆಸುಗೆ ಸಣ್ಣಗೆ ನರಳಿತು.

"ಮಾವಾರ, ಇನ್ನೂ ಉಬ್ಬಾಕತ್ತೈತಿ."

"ಹುರಳಿಗೇನ ಗೊತ್ತು, ಸಾಕಂತ?" ಧೋಂಡಿಬಾನ ದನಿಯೂ ಇಳಿದಿತ್ತು.

ಹಗ್ಗ ಬಿಗಿದು ಗಂಟು ಬಿಚ್ಚಲೊಲ್ಲದು. ಒಳಗಿನಿಂದ ತಾರವ್ವ ಕುಡುಗೋಲು ತಂದಳು. "ಸರೀರಿ ಆ ಕಡಿ," ಎಂದು ಒಂದೇ ಎಳೆತಕ್ಕೆ ಹಗ್ಗ ಕೊಯ್ದಳು. ಬೆಣೆ ತಾನಾಜಿಯ ಕಿವಿಯ ಪಕ್ಕದಿಂದ ಹಾರಿ ಸೂರಿಗೆ ಬಡಿಯಿತು, ಹಿಂದೆಯೇ ಹುರಳಿ ಚಿಮ್ಮಿತು. ಬೆಸುಗೆ ಉಳಿಯಿತು.

ಒಂದು ಕಾಳೂ ಬಿಡದೆ ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಟಾಕಿ ಮತ್ತೆ ಕೂಡಿಸಿ, ಗಂಡ ಹೆಂಡತಿ ಸಂಜೆ ಹೊರಟರು. ದಾರಿಯಲ್ಲಿ ಕಾಗಲ ದಾಟುವವರೆಗೂ ತಾನಾಜಿ ಎಡಗೈಯಿಂದ ಟಾಕಿ ಸವರಿ, ಪೆಟ್ರೋಲ್ ಸೋರುತ್ತಿಲ್ಲವೆಂದು ಬೆರಳು ಮೂಸಿ ನೋಡುತ್ತಲೇ ಇದ್ದ.

ಮರುದಿನ ಮುಂಜಾನೆ ಅಭಯಕುಮಾರ ಗಾಡಿಯ ಸುತ್ತ ಬಂದ. ಬಲಗಡೆ ನೋಡಿ ಮುಂದೆ ಹೋದಾಗ ತಾನಾಜಿ ಉಸಿರುಬಿಟ್ಟ. ಅಭಯಕುಮಾರ ಗಾಡಿ ಏರಿ ಕೂತ. ಅವನ ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಟಾಕಿಯ ಎಡ ಮಗ್ಗುಲಿಗೆ ಹೋಯಿತು. ಅಲ್ಲಿ ಏನೋ ಹುಡುಕಿತು. ಮತ್ತೆ ಹುಡುಕಿತು.

"ಇಲ್ಲೊಂದು ಸಣ್ಣ ನೆಗ್ಗ ಇತ್ತಲ್ಲ," ಅಂದ.

ಆ ನೆಗ್ಗೂ ಹೊರಗೆ ಬಂದುಬಿಟ್ಟಿತ್ತು. ಹುರಳಿಗೆ ಹೊಸ ನೆಗ್ಗು ಯಾವುದು, ಹಳೆಯದು ಯಾವುದು ಅನ್ನುವ ಭೇದ ಎಲ್ಲಿಂದ ಬರಬೇಕು? ಸುಳ್ಳು ಹೇಳಲು ನಾಲಿಗೆ ಏಳದೆ, ತಾನಾಜಿ ಟಗರಿನಿಂದ ಹಿಡಿದು ಕುಡುಗೋಲಿನವರೆಗೆ ಎಲ್ಲ ಒದರಿಬಿಟ್ಟ. ಬೈಗುಳಕ್ಕೆ ತಲೆತಗ್ಗಿಸಿ ನಿಂತ.

ಬೈಗುಳ ಬರಲಿಲ್ಲ.

"ಅಪ್ಪಾರು ನನಗ ಗಾಡಿ ಕಲಸೂವಾಗ ಇಬ್ಬರೂ ಕೂಡಿ ಬಿದ್ದಿದ್ವಿ," ಅಂದ ಅಭಯಕುಮಾರ. "ಅವರ ಮೊಣಕಾಲು ಬಡದಿತ್ತಿಲ್ಲಿ. ತಿದ್ದಸಬ್ಯಾಡಂದಿದ್ರು. ಅವರು ಹೋಗಿ ಮೂರ ವರ್ಷಾತು." ಹೆಬ್ಬೆರಳು ಇನ್ನೂ ನುಣುಪಿನ ಮೇಲೆ ಸುತ್ತುತ್ತಿತ್ತು. "ಹೋಗು. ಪಾಳಿ ಹೊತ್ತಾತು."

ಖೋಲಿಯ ಬಾಗಿಲಲ್ಲಿ ತಾರವ್ವ ನಿಂತಿದ್ದಳು. ತವರಿನಿಂದ ತಂದ ಬಟ್ಟೆಗಂಟನ್ನು, ಖೋಲಿ ಬಿಡಬೇಕಾದೀತೆಂದು, ಇನ್ನೂ ಬಿಚ್ಚಿರಲಿಲ್ಲ.

"ಏನಂದ್ರು?"

"ಏನೂ ಅನ್ನಲಿಲ್ಲ. ಪಾಳಿಗೆ ಹೋಗಂದ್ರು."

"ಮತ್ಯಾಕ ಪಾಳಿಗೆ ಹೋಗದ ಇಲ್ಲಿ ಬಂದ್ರಿ?"

ತಾನಾಜಿ ಅವಳ ಕೈ ಹಿಡಿದು ಹೊಸ್ತಿಲ ಮೇಲೆ ಕೂತ. ಅಂಗಳದಲ್ಲಿ ಅಭಯಕುಮಾರ ಏರಿ ಕೂತ ಗಾಡಿ ಇನ್ನೂ ಶುರುವಾಗಿರಲಿಲ್ಲ.