ಹೌದು ಎನ್ನಲಾರದ ಕತ್ತು

ಪ್ರೊಫೆಸರ್ ದ್ರಾಗನೋವಾ ಅವರ ಕತ್ತಿನ ಕಥೆ ಗೊತ್ತಿಲ್ಲದ ವೈದ್ಯ ವಿದ್ಯಾರ್ಥಿ ಪ್ಲೊವ್ದಿವ್ ಊರಿನಲ್ಲೇ ಇರಲಿಲ್ಲ. ಕಾರು ಅಪಘಾತವಾದ ಮೇಲೆ ಅವರ ಕತ್ತಿನ ಮೂಳೆಗಳನ್ನು ಸ್ಕ್ರೂ ಹಾಕಿ ಒಂದಕ್ಕೊಂದು ಬಿಗಿದಿದ್ದರು. ತಲೆಬುರುಡೆಯ ಬುಡದ ಕೀಲೊಂದನ್ನು ಮಾತ್ರ ಹಾಗೇ ಬಿಟ್ಟಿದ್ದರು. ಹಾಗಾಗಿ ಗಲ್ಲ ಮೇಲೆತ್ತಲು ಬರುತ್ತಿತ್ತು, ತಲೆಯನ್ನು ಅತ್ತಿತ್ತ ಆಡಿಸಲು ಬರುತ್ತಿರಲಿಲ್ಲ. ಬಲ್ಗೇರಿಯದಲ್ಲಿ ಗಲ್ಲ ಮೇಲೆತ್ತಿದರೆ ಇಲ್ಲ ಎಂದರ್ಥ. ತಲೆ ಅತ್ತಿತ್ತ ಆಡಿಸಿದರೆ ಹೌದು.

"ಹೋಗು ಹೋಗು. ಆ ಕತ್ತಿಗೆ ಇಲ್ಲ ಅನ್ನೋದು ಬಿಟ್ಟು ಬೇರೇನೂ ಬರಲ್ಲ," ಎಂದ ಸಹಪಾಠಿ ವೆಲಿನ್, ಪರೀಕ್ಷೆಯ ಕೋಣೆಯ ಹೊರಗೆ ಚೀಸ್ ತುಂಬಿದ ಬನಿತ್ಸಾ ಮೆಲ್ಲುತ್ತ.

"ಆ ಬನಿತ್ಸಾನ ಬಾಯಿಗೆ ತುರುಕ್ಕೊಂಡು ಸುಮ್ನಿರೋ," ಎಂದು ಗದರಿ ಜೋರ್ನಿತ್ಸಾ ಒಳಗೆ ಹೋದಳು. ಅವಳ ಕಾಲುಚೀಲ ಇನ್ನೂ ಒದ್ದೆ ಇತ್ತು. ಕೆಲಸ ನೀರಿನಂತೆ ಸರಾಗವಾಗಲಿ ಎಂದು ಅಮ್ಮ ಬೆಳಿಗ್ಗೆ ಹೊಸ್ತಿಲಲ್ಲಿ ಬಿಂದಿಗೆಯನ್ನೇ ಬಗ್ಗಿಸಿದ್ದಳು. ಅಂಗರಚನೆಯ ಈ ಪರೀಕ್ಷೆಯಲ್ಲಿ ಜೋರ್ನಿತ್ಸಾ ಹಿಂದೆಯೂ ಡುಮ್ಕಿ ಹೊಡೆದವಳು. ಈ ಸಲವೂ ಹೋದರೆ ಕಾಲೇಜಿನಿಂದ ಹೆಸರು ತೆಗೆಯುತ್ತಿದ್ದರು.

ಬಾಯಿಪರೀಕ್ಷೆಗೆ ಅವಳು ಎತ್ತಿದ ಪ್ರಶ್ನೆಯ ಚೀಟಿಯಲ್ಲಿ ಇದ್ದದ್ದು ದೇಹದ ಕೀಲುಗಳ ವಿಂಗಡಣೆ. ಹೇಳುತ್ತ ಹೇಳುತ್ತ ಅವಳಿಗೆ ಭಯವೇ ಮರೆತುಹೋಯಿತು. ಹೊಲಿಗೆ ಹಾಕಿದಂತೆ ಕೂಡಿ ಅಲುಗದೆ ಕೂತ ತಲೆಬುರುಡೆಯ ಕೀಲುಗಳು. ಮೆದು ಎಲುಬಿನ ಬಿಲ್ಲೆ ನಡುವೆ ಇಟ್ಟುಕೊಂಡು ಅಷ್ಟಿಷ್ಟೇ ಬಾಗುವ ಬೆನ್ನಿನವು. ಆಮೇಲೆ ಒಳಗೇ ಎಣ್ಣೆಯಂಥ ದ್ರವ ತುಂಬಿಕೊಂಡು ಸಲೀಸಾಗಿ ಆಡುವವು: ಬಾಗಿಲಿನಂತೆ ಒಂದೇ ಕಡೆ ಮಡಚುವ ಮೊಣಕೈ, ಬಟ್ಟಲೊಳಗೆ ಗುಂಡು ತಿರುಗುವ ಸೊಂಟ, ಕುದುರೆಯ ಜೀನಿನ ಮೇಲೆ ಕೂತಂತಿರುವ ಹೆಬ್ಬೆರಳ ಬುಡ. ಎಂಥ ಕೆಲಸ ಮಾಡಿಟ್ಟಿದೆ ಈ ಮೈ!

"ಕತ್ತು?" ಎಂದರು ಪ್ರೊಫೆಸರ್.

"ತಲೆಬುರುಡೆ ಮೊದಲನೇ ಮೂಳೆ ಮೇಲೆ ಕೂರೋದು ಹೌದು ಅನ್ನೋ ಕೀಲು, ಮೇಡಂ. ಮೊದಲನೇದು ಎರಡನೇದರ ಮೇಲೆ ತಿರುಗೋದು ಇಲ್ಲ ಅನ್ನೋ ಕೀಲು." ಪರದೇಶದ ಪುಸ್ತಕದಿಂದ ಉರು ಹೊಡೆದದ್ದು ಗಿಳಿಪಾಠದಂತೆ ಹೊರಬಿತ್ತು.

ಪ್ರೊಫೆಸರರ ಗಲ್ಲ ಮೇಲೆದ್ದಿತು. ಅಂದರೆ ಇಲ್ಲ.

"ಕಾಫಿ ಬೇಕೇನಮ್ಮಾ ಅಂತ ಕೇಳಿದ್ರೆ ನಿಮ್ಮಮ್ಮ ಹ್ಯಾಗೆ ತಲೆ ಆಡಿಸ್ತಾರೆ? ಆಡಿಸಿ ತೋರ್ಸು."

ಜೋರ್ನಿತ್ಸಾ ತಲೆಯನ್ನು ಅತ್ತ ಆಡಿಸಿದಳು, ಇತ್ತ ಆಡಿಸಹೋಗಿ ಅರ್ಧಕ್ಕೇ ನಿಂತಳು. ಮೇಜಿನ ಮೇಲೆ ಮೂಳೆಗಳನ್ನಿಟ್ಟ ತಟ್ಟೆಯಿಂದ ಕತ್ತಿನ ಎರಡನೇ ಮೂಳೆಯನ್ನು ಎತ್ತಿ, ಅದರ ಗೂಟಕ್ಕೆ ಉಂಗುರದಂಥ ಮೊದಲನೇ ಮೂಳೆ ಕೂರಿಸಿ ತಿರುಗಿಸಿದಳು.

"ತಪ್ಪಾಯ್ತು ಮೇಡಂ. ಪುಸ್ತಕ ಬರೆದವರ ಹೌದು ಅದು. ನಮ್ಮ ಹೌದು ಇಲ್ಲಿದೆ, ಈ ಗೂಟದ ಸುತ್ತ. ನಮ್ಮ ಇಲ್ಲ ಅದರ ಮೇಲಿಂದು."

"ಪುರಾವೆ?"

"ನೀವೇ ಮೇಡಂ." ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಇನ್ನು ಬಚ್ಚಿಟ್ಟು ಏನು ಬಂತು? "ಮೇಲಿನ ಕೀಲು ಆಡುತ್ತೆ, ಕೆಳಗಿಂದು ಬಿಗಿದಿದ್ದಾರೆ. ಅದಕ್ಕೇ ನಿಮಗೆ ಇಲ್ಲ ಅನ್ನೋದೊಂದೇ ಬರೋದು ಅಂತ ಎಲ್ರೂ ಆಡ್ಕೋತಾರೆ."

ಮೂಳೆಗಳನ್ನು ಮತ್ತೆ ತಟ್ಟೆಯಲ್ಲಿಟ್ಟಳು.

"ಪಾಸಾದ್ನಾ, ಮೇಡಂ?"

ಪ್ರೊಫೆಸರ್ ಮೇಜಿನ ಅಂಚು ಹಿಡಿದು ಎದ್ದು ನಿಂತರು. ಕತ್ತು ಕದಲಲಿಲ್ಲ. ಪಾದ, ಸೊಂಟ, ಬೆನ್ನು ಒಂದೊಂದೂ ತನ್ನ ಪಾಲಿನಷ್ಟು ತಿರುಗಿ, ಭುಜ ತಲೆಗಳನ್ನು ಒಟ್ಟಿಗೇ ಹೊತ್ತು ಎಡಕ್ಕೆ ಒಯ್ದವು. ಆಮೇಲೆ ಬಲಕ್ಕೆ. ನೋವಿಗೆ ಅವರ ಹಣೆಯಲ್ಲಿ ಬೆವರು ಒಡೆಯಿತು. ಜೋರ್ನಿತ್ಸಾ ಅಷ್ಟು ದೊಡ್ಡ ಹೌದನ್ನು ಎಂದೂ ನೋಡಿರಲಿಲ್ಲ.

ಹೊರಗೆ ಬಂದಾಗ ವೆಲಿನ್ ಓಡಿಬಂದ. "ಏನಂದ್ಳೇ ಮುದುಕಿ?"

ಅವಳು ಕತ್ತು ಬಿಗಿಹಿಡಿದು ನಿಂತಳು. ಇಡೀ ಮೈಯನ್ನು ಎಡಕ್ಕೆ ತಿರುಗಿಸಿದಳು, ಆಮೇಲೆ ಬಲಕ್ಕೆ.