ಬಿಡಿಸುವ ಅಡಿಗಲ್ಲು

ಹೆಬ್ಬೆರಳ ಉಗುರಿನಲ್ಲಿ ಹಸಿ ಮಣ್ಣು, ಇಷ್ಟು ಮೆತ್ತಗಿನ ಕಾಲನ್ನು ಈ ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಯಾರೂ ಇಟ್ಟದ್ದೇ ಇಲ್ಲ, ಕುಲುಮೆಯವಳು ಅದನ್ನೇ ನೋಡುತ್ತಿದ್ದಾಳೆ, ಧಣಿಯ ಮೊಮ್ಮಗನ ಕಾಲು, ಬೆಳಿಗ್ಗೆ ಬಂದೂಕು ಹಿಡಿದು ಈ ಜಮೀನು ನಮ್ಮಜ್ಜಂದು ಕಣ್ರೋ ಎಂದು ಕೂಗುತ್ತಾ ಬಂದ ಕಾಲು, ಅವಳ ತಮ್ಮನ ಎದೆಗೆ ಗುಂಡು ಹೊಡೆದು, ಬಿದ್ದವನನ್ನು ದಾಟಿಕೊಂಡು ಹೋದ ಕಾಲು — ಹೊರಗೆ ಚಾಪೆಯ ಮೇಲೆ ತಮ್ಮ, ಬಾಯಿ ಮುಚ್ಚಿಸಲು ಯಾರಿಂದಲೂ ಆಗಲಿಲ್ಲ, ಸತ್ತ ಮೇಲೂ ವಾದಕ್ಕೆ ನಿಂತ ಹಾಗಿದೆ, ಮುಂಡೇದು, ಇದ್ದಾಗಲೂ ಹಾಗೇ. ನಾಲ್ಕು ಜನ ಧಣಿಯ ಮೊಮ್ಮಗನನ್ನು ಹಿಡಿದು ತಂದು ನೆಲಕ್ಕೆ ಅದುಮಿದ್ದಾರೆ, ಬಡಿ ಅಕ್ಕಾ, ನಮ್ಮಜ್ಜಂದಿರು ಹಾಕ್ಕೊಂಡ ಕೋಳ ಇವನೂ ಹಾಕ್ಕೊಳ್ಳಲಿ, ರುಚಿ ಗೊತ್ತಾಗಲಿ, ಕಾಲಿಗೆ ಕಬ್ಬಿಣದ ಬಳೆ ಸಿಕ್ಕಿಸಿ ಆಗಿದೆ, ಇಕ್ಕಳದ ತುದಿಯಲ್ಲಿ ಮೊಳೆ ಕೆಂಪಗೆ ಕಾದಿದೆ.

ಅವಳಜ್ಜ ಇದ್ದಿದ್ದರೆ ಈಗ ಅವಳ ಕೈ ಮುರಿಯುತ್ತಿದ್ದ. ಅಜ್ಜನ ಕಾಲದಲ್ಲಿ ಸರ್ಕಾರದವರು ಬಂದು ನೀವಿನ್ನು ಗುಲಾಮರಲ್ಲ ಎಂದು ಕಾಗದ ಓದಿದರಂತೆ, ಕೋಳಕ್ಕೆ ಕೀಲಿಯೇ ಇರಲಿಲ್ಲ, ಮೊಳೆ ಬಡಿದು ಮುಚ್ಚಿದ್ದು, ಹಾಗೇ ಕಾಲೆಳೆದುಕೊಂಡು ನಲವತ್ತು ಜನ ಈ ಕುರುಚಲು ಕಾಡಿಗೆ ಬಂದರು, ಧಣಿಯ ಕುಲುಮೆಯಿಂದ ಹೊತ್ತು ತಂದ ಈ ಅಡಿಗಲ್ಲನ್ನು ನೆಲದಲ್ಲಿ ಹೂತು ಇದೇ ನಮ್ಮೂರು ಎಂದರು, ಮನೆಗಿಂತ ಮೊದಲು ಇದು, ಅಜ್ಜ ಮೂರು ದಿನ ಕೋಳ ಕಡಿದ, ಕೊನೆಗೆ ಅಜ್ಜಿಯದು, ಕೈ ಸೋತಿತ್ತು, ಉಳಿ ಜಾರಿತು — ಅರ್ಧ ಹಿಮ್ಮಡಿ ಇಲ್ಲೇ ಉಳಿಯಿತು. ಕೋಳ ಹೋಯ್ತಲ್ಲ, ಜೊತೆಗೆ ಚೂರು ನಾನೂ ಹೋದೆ ಬಿಡು, ಅಜ್ಜಿ ನಗುತ್ತಿದ್ದಳು, ಚಿಕ್ಕವಳಿದ್ದಾಗ ಇವಳು ಅಜ್ಜಿಯ ಕಾಲಿನ ಆ ಗುಂಡಿಗೆ ಬೆರಳಿಟ್ಟು ನೋಡುತ್ತಿದ್ದಳು, ಆ ಹಿಮ್ಮಡಿ. ಅಂದಿನಿಂದ ಈ ಅಡಿಗಲ್ಲಿನ ಮೇಲೆ ಕೋಳದ ಬಳೆ ಕಡಿಯಬಹುದು, ಬಡಿದು ಮುಚ್ಚುವ ಹಾಗಿಲ್ಲ, ಈ ಊರಲ್ಲಿ ದನಕ್ಕೂ ಸರಪಳಿ ಇಲ್ಲ, ಮದುವಣಗಿತ್ತಿಗೂ ಕಾಲ್ಗೆಜ್ಜೆ ಇಲ್ಲ, ಹಾಳಾಗಿ ಹೋಗಲಿ ಕಟ್ಟಳೆ, ಹೊರಗೆ ಮಲಗಿರುವುದು ನನ್ನ ತಮ್ಮ.

ಬಡಿದಳು. ಎರಡೇ ಏಟು, ಮೊಳೆ ಕೂತಿತು, ಚರ್ಮ ಚುರ್ರೆಂದಿತು, ಅಮ್ಮಾ ಎಂದು ಕಿರುಚಿದ, ಕೂಗು, ಇನ್ನೂ ಕೂಗು, ಅವಳಿಗೆ ಹಾಯೆನಿಸಿತು, ಹೌದು, ಹಾಯೆನಿಸಿತು, ಸುಳ್ಳೇಕೆ — ಆಮೇಲೆ ಅದುಮಿ ಹಿಡಿದವರೇ ಕೈ ಬಿಟ್ಟರು, ಮುದುಕಿ ಚಿಕ್ಕಮ್ಮ ಬಗ್ಗಿ ತನ್ನ ಕಣಕಾಲು ಮುಟ್ಟಿ ನೋಡಿಕೊಂಡಳು, ಇದೇನೇ ಮಾಡ್ದೆ ಮಗಳೇ. ಕೋಳ ತೆಗೀಬೇಕು, ಈಗಲೇ, ನನ್ನ ತಮ್ಮನನ್ನು ಹೂಳುವ ಮೊದಲು, ಉಳಿ ಎಲ್ಲಿ, ಅಲ್ಲಾಡಬೇಡವೋ ಪಾಪಿ, ಅವನು ಅಲ್ಲಾಡುತ್ತಿಲ್ಲ, ಅಲ್ಲಾಡುತ್ತಿರುವುದು ಉಳಿ, ಸುತ್ತಿಗೆ ಮೇಲೆತ್ತಿದ್ದಾಳೆ, ಉಳಿಯ ಕೆಳಗೆ ಹಿಮ್ಮಡಿ, ಮೆತ್ತಗಿನ ಹಿಮ್ಮಡಿ, ಅಜ್ಜಿಯ ಹಿಮ್ಮಡಿ, ಆ ಹಿಮ್ಮಡಿ