ಚರಂಡಿಗೆ ಸುರಿದ ಬ್ಲೀಚಿಂಗ್

ಬಿ.ಸಿ.ರೋಡಿನಲ್ಲಿ ಹೋಟೆಲು ನಡೆಸುವ ಸಂಕಪ್ಪನಿಗೆ ಶುಚಿತ್ವದ ವಿಷಯದಲ್ಲಿ ಸ್ವಲ್ಪ ಹುಚ್ಚೇ ಇತ್ತು. ಮಳೆಗಾಲ ಮುಗಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಊರಿನಲ್ಲಿ ಎಲ್ಲರೂ ಮಾಡುವ ಕೆಲಸ. ಸಂಕಪ್ಪನಿಗೆ ಅಷ್ಟು ಸಾಲದು. ದಿನವೂ ಬೆಳಿಗ್ಗೆ, ಗೋಳಿಬಜೆಯ ಬಾಣಲೆ ಒಲೆಗೆ ಏರುವ ಮೊದಲೇ, ಅಡುಗೆಮನೆಯ ಹಿಂದಿನ ಚೇಂಬರಿನ ಮುಚ್ಚಳ ಸರಿಸಿ ಚರಂಡಿಗೆ ಹೋಗುವ ನೀರಿಗೂ ಧಾರಾಳವಾಗಿ ಪೌಡರ್ ಸುರಿಯುತ್ತಿದ್ದ. ಅಕ್ಕಪಕ್ಕದ ಹೋಟೆಲಿನವರಿಗೂ ಮದುವೆ ಹಾಲ್ ನಡೆಸುವ ರುಕ್ಮಯ್ಯನಿಗೂ ಈ ವಿದ್ಯೆ ಕಲಿಸಿದವನು ಅವನೇ.

"ಘಟಕದವರ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗಾಯ್ತು ಮಾರಾಯ," ಎನ್ನುತ್ತಿದ್ದ.

ಆ ಘಟಕ ಪೇಟೆಯ ಕೊಳಚೆ ನೀರನ್ನು ಶುದ್ಧ ಮಾಡಿ ನೇತ್ರಾವತಿಗೆ ಬಿಡಬೇಕು. ಈಚೆಗೆ ನರಿಕೊಂಬಿನ ದಡದಲ್ಲಿ ನದಿ ನಾರತೊಡಗಿತ್ತು. ಅಲ್ಲಿ ಬಸಳೆ, ಅಲಸಂಡೆ ಬೆಳೆಯುವ ನೀಲಾವತಿಗೆ ನೀರಿಗೆ ಇಳಿದರೆ ಕಾಲೆಲ್ಲ ತುರಿಕೆ. ಆಕೆ ಸಂಕಪ್ಪನ ಸ್ವಂತ ಅಕ್ಕ. ತಮ್ಮನ ಪಿತ್ತ ನೆತ್ತಿಗೇರಿತು. ಘಟಕ ನೋಡಿಕೊಳ್ಳುವ ಕಾಂತಿಯನ್ನು ಕೆಲಸದಿಂದ ತೆಗೆಯಬೇಕೆಂದು ಪುರಸಭೆಗೆ ದೂರು ಬರೆಸಿ, ಮೊದಲ ಸಹಿ ತಾನೇ ಹಾಕಿ, ಊರವರ ಸಹಿಯನ್ನೂ ಹಾಕಿಸಿದ. ಶನಿವಾರದ ಸಭೆಯಲ್ಲಿ ತೀರ್ಮಾನವೆಂದಾಯಿತು.

ಆದರೂ ಒಂದು ಕುತೂಹಲ ಅವನನ್ನು ಬಿಡಲಿಲ್ಲ. ಈ ಹುಡುಗಿ ಅಲ್ಲಿ ಇಡೀ ದಿನ ಮಾಡುವುದಾದರೂ ಏನು? ಸಭೆಯ ಮುಂಚಿನ ದಿನ ಸ್ಕೂಟರ್ ಹತ್ತಿ ಹೋಗಿಯೇಬಿಟ್ಟ.

ಕಾಂತಿ ಮುಂಡಾಜೆಯವಳು, ಇಂಜಿನಿಯರಿಂಗ್ ಓದಿದವಳು. ಅವನನ್ನು ಕಂಡು ಮುಖ ಗಂಟಿಕ್ಕಲಿಲ್ಲ.

"ದೂರು ಕೊಟ್ಟದ್ದು ಗೊತ್ತುಂಟು ಸಂಕಪ್ಪಣ್ಣ. ನೀರು ಕೆಟ್ಟದ್ದು ಸುಳ್ಳಲ್ಲ. ಬನ್ನಿ."

"ಈ ಟ್ಯಾಂಕಿಗೆ ಎಂತ ಮದ್ದು ಹಾಕ್ತೀರಿ?"

"ಮದ್ದು ಎಂತದೂ ಇಲ್ಲ, ಗಾಳಿ ಮಾತ್ರ. ಕೊಳಕು ತಿನ್ನುವವರು ಬೇರೆ ಇದ್ದಾರೆ. ನೋಡ್ತೀರಾ?"

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಸಂಕಪ್ಪ ಉಸಿರಾಡುವುದನ್ನೇ ಮರೆತ. ಪುಟ್ಟ ಗಂಟೆಯಂಥ ಜೀವಗಳು ದಂಟಿನ ಮೇಲೆ ನಿಂತು ಏನನ್ನೋ ಬಾಯಿಗೆ ಸೆಳೆದುಕೊಳ್ಳುತ್ತಿದ್ದವು. ಒಂದು ಸುರುಳಿಯಾಗಿ ಕೆಳಗಿಳಿದು ಮತ್ತೆ ನೆಟ್ಟಗಾಯಿತು. ಅವನಿಗೆ ನಗುವೇ ಬಂತು.

"ನಮ್ಮ ಗಿರಾಕಿಗಳ ಹಾಗೆಯೇ ಉಂಟಲ್ಲ, ತಟ್ಟೆಯಿಂದ ತಲೆ ಎತ್ತುವುದಿಲ್ಲ."

"ಇದು ಬೇರೆ ಊರಿನ ಘಟಕದಿಂದ ತಂದದ್ದು. ಈಗ ನಮ್ಮದು ನೋಡಿ."

ಎರಡನೆಯ ಹನಿಯಲ್ಲಿ ಒಂದೂ ಅಲುಗಾಡುತ್ತಿರಲಿಲ್ಲ.

"ತಂದು ಬಿಟ್ಟರೂ ಸಾಯ್ತವೆ," ಎಂದಳು ಕಾಂತಿ. "ಯಾಕೆ ಅಂತ ತಿಳಿಯುವುದಿಲ್ಲ. ಗ್ಯಾರೇಜು, ಪೈಂಟಿನ ಅಂಗಡಿ, ಎಲ್ಲ ಕಡೆ ವಿಚಾರಿಸಿ ಸಾಕಾಯ್ತು."

ಸಂಕಪ್ಪ ಕಣ್ಣು ತೆಗೆಯದೆಯೇ ಕೇಳಿದ: "ಇವು ಬ್ಲೀಚಿಂಗಿಗೆ ಸಾಯ್ತವಾ?"

"ಸಾಯದೆ? ಬಾವಿಗೆ ಹಾಕುವುದೇ ಅದಕ್ಕಲ್ವಾ. ಯಾಕೆ ಕೇಳಿದ್ದು?"

"ಸುಮ್ಮನೆ," ಎಂದು ಅವನು ಹೊರಗೆ ಬಂದ.

ಮರುದಿನ ಬೆಳಿಗ್ಗೆ ಅವನು ಚೇಂಬರಿನ ಹತ್ತಿರ ಸುಳಿಯಲಿಲ್ಲ. ಎಲ್ಲರಿಗೂ ಪೌಡರ್ ನಿಲ್ಲಿಸಲು ಹೇಳಿ ತೆಪ್ಪಗಿದ್ದರೆ ನದಿ ತಾನಾಗಿ ಸರಿಹೋದೀತು, ತನ್ನ ಮರ್ಯಾದೆಯೂ ಉಳಿದೀತು ಎಂದು ಲೆಕ್ಕ ಹಾಕಿದ. ಆದರೆ ಅಷ್ಟರಲ್ಲಿ ಕಾಂತಿಯ ಕೆಲಸ ಹೋಗಿರುತ್ತದೆ. ಆ ಯೋಚನೆ ಬಂದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಭೆಯಲ್ಲಿ ಅವನ ಹೆಸರನ್ನೇ ಮೊದಲು ಕರೆದರು. ಪಕ್ಕದಲ್ಲಿ ಅಕ್ಕ, ಎದುರಿಗೆ ಕಾಂತಿ. ಅವನು ಎದ್ದು ನಿಂತ.

"ದೂರು ಸರಿ ಉಂಟು. ಹೆಸರು ಮಾತ್ರ ತಪ್ಪಾಗಿದೆ. ಕಾಂತಿ ಅಂತ ಇದ್ದಲ್ಲಿ ಸಂಕಪ್ಪ ಅಂತ ಬರೀರಿ."

ಪೌಡರಿನ ಕಥೆಯನ್ನೂ ಅದಕ್ಕೆ ಸತ್ತ ಪುಟ್ಟ ಜೀವಗಳ ಕಥೆಯನ್ನೂ ಅವನು ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದ. ಹಿಂದಿನ ಸಾಲಿನಲ್ಲಿ ರುಕ್ಮಯ್ಯ ಎದ್ದ.

"ನಮ್ಮ ಮದುವೆ ಹಾಲ್‌ನಿಂದಲೂ ಪೌಡರ್ ಹೋಗ್ತದೆ. ನನ್ನದೂ ಬರೀರಿ."

ನೀಲಾವತಿ ತಮ್ಮನ ಮುಖ ನೋಡಲಿಲ್ಲ. ಸಭೆ ಮುಗಿದ ಮೇಲೆ ನೇರವಾಗಿ ಕಾಂತಿಯ ಬಳಿಗೆ ಹೋದಳು. ದೂರಿನಲ್ಲಿ ನೀಲಾವತಿಯ ಸಹಿಯೂ ಇತ್ತು.

"ಆ ಜೀವಗಳನ್ನು ನನಗೂ ಒಮ್ಮೆ ತೋರಿಸ್ತೀರಾ ಮೇಡಂ?" ಎಂದು ಕೇಳಿದಳು. ಮತ್ತೆ ತಮ್ಮನತ್ತ ತಿರುಗಿ ನೋಡದೆಯೇ, "ಇವನನ್ನೂ ಕರೆದುಕೊಂಡು ಬರ್ತೇನೆ," ಎಂದಳು.